ಮೇಸ್ತ್ರಿಯ ಕಿವಿ

ತಪ್ಪೆಲ್ಲ ತರಬೇತಿ ಫಾರಂನ ಏಳನೆಯ ಸಾಲಿನದು. "ವಿದ್ಯಾರ್ಥಿ ಸ್ವತಃ ಪತ್ತೆ ಮಾಡಿದ ಸೋರಿಕೆಗಳು" ಎಂದಿತ್ತು. ಒಂದಾದರೂ ಇರಬೇಕು, ಇಲ್ಲವಾದರೆ ಇಡೀ ಸೆಮಿಸ್ಟರ್ ನೀರುಪಾಲು. ಇಂಥ ಸಾಲು ಬರೆದವನನ್ನು ಒಂದು ದಿನ ಬಿಸಿಲಿಗೆ ನಿಲ್ಲಿಸಬೇಕು.

ಇಂಜಿನಿಯರಿಂಗ್ ಓದುವ ಹುಡುಗಿ ಆ ಮಹಾನಗರದ ನೀರಿನ ಕಚೇರಿಗೆ ತರಬೇತಿಗೆ ಬಂದು ನಾಲ್ಕು ತಿಂಗಳಾಗಿತ್ತು. ಮೂವರ ಕೋಣೆಯಲ್ಲಿ ನಾಲ್ಕನೆಯವಳಾಗಿ ಮಲಗುವುದು, ಬೆಳಗಾದರೆ ಬೀದಿ ಅಲೆಯುವುದು. ಕೆಲಸ ಇಷ್ಟೇ: ಉದ್ದನೆಯ ಕಬ್ಬಿಣದ ಸರಳಿನ ಒಂದು ತುದಿ ರಸ್ತೆಗೆ, ಇನ್ನೊಂದು ತುದಿ ಕಿವಿಗೆ. ನೆಲದೊಳಗೆ ಪೈಪು ಒಡೆದಿದ್ದರೆ ಸುಸ್ಸೆನ್ನುತ್ತದೆ. ಅವಳಿಗೆ ಹನ್ನೊಂದು ಸಲ ಕೇಳಿತ್ತು. ಹನ್ನೊಂದು ಸಲವೂ ಅವಳಿಗೆ ಕೆಲಸ ಕಲಿಸುವ ಮೇಸ್ತ್ರಿ ಸರಳಿಗೆ ಕಿವಿ ಕೊಟ್ಟು, ಆಸೆ ಬಿಟ್ಟ ವೈದ್ಯನ ಹಾಗೆ ತಲೆಯಾಡಿಸಿ, "ಏನಿಲ್ಲ, ನಡಿ" ಎಂದಿದ್ದ. ಮೂವತ್ತು ವರ್ಷ ಪಳಗಿದ ಕಿವಿ. ಮೂರು ವರ್ಷದಿಂದ ಒಂದೂ ಸೋರಿಕೆಯಿಲ್ಲದ ವಾರ್ಡು ಎಂದು ಅವನಿಗೆ ಪ್ರಶಸ್ತಿಪತ್ರ ಬೇರೆ ಬಂದಿತ್ತು.

ಇವತ್ತು ಕೊನೆಯ ದಿನ. ದರ್ಜಿ ಅಂಗಡಿಯ ಮುಂದೆ ಸರಳು ಊರಿದಳು. ಸುಸ್ಸೆನ್ನಲಿಲ್ಲ, ಭುಸ್ಸೆಂದಿತು.

"ಮೇಸ್ತ್ರಿ, ಇಲ್ಲಿದೆ!"

ಮೇಸ್ತ್ರಿ ಕಿವಿ ಕೊಟ್ಟ. "ಏನಿಲ್ಲ, ನಡಿ."

"ಏನಿಲ್ಲ ಅಂದ್ರೆ? ಹಾವು ಬುಸುಗುಟ್ಟಿದ ಹಾಗೆ ಕೇಳ್ತಿದೆ!"

ದರ್ಜಿ ಹೊರಗೆ ಬಂದ. "ಅಷ್ಟು ದೊಡ್ಡವರು ಇಲ್ಲ ಅಂತಿದ್ದಾರೆ, ನಡುವೆ ನಿಂದೇನಮ್ಮ?"

ಎದುರು ಮನೆಯ ಅಜ್ಜಿ ಮಹಡಿಯಿಂದಲೇ ತೀರ್ಪು ಕೊಟ್ಟಳು: "ನಾಲ್ಕು ದಿನದಿಂದ ನಮ್ಮನೆ ನಲ್ಲಿ ಬರೀ ಉಸಿರು ಬಿಡ್ತಿದೆ. ಅಗೀಲಿ ಬಿಡೋ!"

"ಅಗೆದ್ರೆ ಗಿರಾಕಿಗಳು ಗುಂಡಿ ಹಾರಿ ಬರಬೇಕಾ?"

"ನೀನು ಹೊಲಿದ ಪ್ಯಾಂಟಲ್ಲಿ ಹಾರೋದಿರಲಿ, ಕೂರೋಕೂ ಆಗಲ್ಲ."

ಹುಡುಗಿಯ ಸಹನೆ ಮುಗಿದಿತ್ತು. ಕಚೇರಿಯ ಗಾಡಿಯಿಂದ ಪಿಕಾಸಿ ಎಳೆದು ತಾನೇ ಅಗೆದಳು. ತಡೆಯಲು ಬಂದ ದರ್ಜಿ ಮಣ್ಣಲ್ಲಿ ಜಾರಿ ಕೂತ. ಮೊಣಕಾಲುದ್ದ ಇಳಿಯುವಷ್ಟರಲ್ಲಿ ನೀರು ಚಿಮ್ಮಿ, ಅವನ ಜೊತೆಗೆ ಅಂಗಡಿಯಲ್ಲಿ ತೂಗುಹಾಕಿದ್ದ ಅಂಗಿಗಳನ್ನೂ ತೋಯಿಸಿತು. ಪೈಪಿನಲ್ಲಿ ಗೇಣುದ್ದದ ಬಿರುಕು, ತುಕ್ಕು ಹಿಡಿದ ಹಳೆಯ ಬಿರುಕು.

ದರ್ಜಿ ಫೋನು ತೆಗೆದು ನೀರಿನ ಕಚೇರಿಯ ಸಾಹೇಬನಿಗೆ ದೂರು ಕೊಟ್ಟ. ಮೇಸ್ತ್ರಿ ಹುಡುಗಿಯನ್ನು ಗಾಡಿಯ ಹಿಂದಕ್ಕೆ ಕರೆದ.

"ಮಗಳೇ, ನನಗೆ ಕಿವಿ ಕೇಳಲ್ಲ. ಮೂರು ವರ್ಷ ಆಯ್ತು. ಎದುರಿನೋರ ತುಟಿ ನೋಡ್ಕೊಂಡು ಕಾಲ ತಳ್ತಿದ್ದೀನಿ. ಮೊಮ್ಮಗಳು ಅಜ್ಜ ಅಂತಾಳಂತೆ, ಒಂದು ಸಲಾನೂ ಕೇಳಿಲ್ಲ."

ಹುಡುಗಿ ಪಿಕಾಸಿ ಕೆಳಗಿಟ್ಟಳು.

"ನಿವೃತ್ತಿಗೆ ಆರೇ ತಿಂಗಳು. ಗೊತ್ತಾದ್ರೆ ಈಗಲೇ ಮನೆಗೆ ಕಳಿಸ್ತಾರೆ. ಇದನ್ನ ನಾನು ಹುಡುಕಿದ್ದು ಅಂತ ಹೇಳು. ನಿನ್ನ ಪಾಸು ಮಾಡಿಸೋದು ನನ್ನ ಜವಾಬ್ದಾರಿ. ಸಾಹೇಬ್ರು ನನ್ನ ಮಾತು ಮೀರಲ್ಲ."

ಹನ್ನೊಂದು ಸಲದ ಸಿಟ್ಟು ಅಲ್ಲೇ ಕರಗಿತು. ಆಗಲಿ ಎಂದು ತಲೆಯಾಡಿಸಿದಳು.

ಸಾಹೇಬ ಬಂದ. ಕೆಸರಿನ ವಾಸನೆಗೆ ಮೂಗು ಬಾಯಿಗೆಲ್ಲ ಕರವಸ್ತ್ರ ಒತ್ತಿಕೊಂಡಿದ್ದ.

"ಯಾರು ಹುಡುಕಿದ್ದು?"

"ಮೇಸ್ತ್ರಿ, ಸಾರ್."

"ಮತ್ತಿನ್ಯಾರು!" ಎಂದು ಮೇಸ್ತ್ರಿಯ ಬೆನ್ನು ತಟ್ಟಿ, ಅವಳ ಫಾರಂ ಬಿಡಿಸಿದ. ಏಳನೆಯ ಸಾಲು ಬೋಳಾಗಿತ್ತು. "ಇಂಥ ಗುರು ಸಿಕ್ಕೂ ಒಂದೂ ಇಲ್ವೇನಮ್ಮ?"

ಹುಡುಗಿ ಮೇಸ್ತ್ರಿಯತ್ತ ನೋಡಿದಳು. ಸಾಹೇಬನೂ ಕರವಸ್ತ್ರ ತೆಗೆಯದೆ ಅವನತ್ತಲೇ ತಿರುಗಿದ. "ಫೇಲು ಅಂತ ಬರೀತೀನಿ ಮೇಸ್ತ್ರಿ. ಇನ್ನೊಂದು ಸೆಮಿಸ್ಟರ್ ನಿಮ್ಮ ಕೈಕೆಳಗೇ ಕಲೀಲಿ. ಏನಂತೀರಿ?"

ಮೇಸ್ತ್ರಿ ಹೆದರಬೇಡ ಎನ್ನುವಂತೆ ಹುಡುಗಿಯನ್ನೊಮ್ಮೆ ನೋಡಿ, ಕೊಟ್ಟ ಮಾತು ಉಳಿಸಿಕೊಳ್ಳುವವನ ಗಾಂಭೀರ್ಯದಿಂದ ಕೈ ಮುಗಿದ.

"ಖಂಡಿತ ಹಾಗೇ ಮಾಡಿ ಸಾರ್. ನಾನೂ ಅದನ್ನೇ ಕೇಳ್ಕೊಳ್ಳೋಣ ಅಂತಿದ್ದೆ."