ಚಿಕ್ಕಮ್ಮನ ನೆಲನೆಲ್ಲಿ ಕಷಾಯ

ನಮ್ಮ ಚಿಕ್ಕಮ್ಮ ಇದುವರೆಗೆ ಯಾರ ಮುಖವನ್ನೂ ಸರಿಯಾಗಿ ನೋಡಿಲ್ಲ! ಎದುರಿಗೆ ಯಾರೇ ಬರಲಿ, ಕಣ್ಣಿನ ಬಿಳಿಭಾಗ ಹಳದಿಯಾಗಿದೆಯೇ ಎಂದಷ್ಟೇ ನೋಡುತ್ತಾರೆ. ಹಳದಿಯಾಗಿದ್ದರೆ ಲಿವರ್ ಮೇಲೆ ಅನುಮಾನ. ಚಿತ್ರದುರ್ಗದ ಕಾಲೇಜೊಂದರಲ್ಲಿ, ಔಷಧಿ ಗಿಡಗಳು ಲಿವರನ್ನು ಕಾಯುತ್ತವೆಯೇ ಎಂದು ಇಲಿಗಳ ಮೇಲೆ ಪರೀಕ್ಷಿಸುವುದು ಅವರ ಕೆಲಸ. ಆ ಕೆಲಸ ಕಾಲೇಜಿನಲ್ಲೇ ಉಳಿದಿದ್ದರೆ ನಾನ್ಯಾಕೆ ಬರೆಯುತ್ತಿದ್ದೆ?

ನನ್ನನ್ನು ನೋಡಲು ಹೊಳಲ್ಕೆರೆಯಿಂದ ಗಂಡಿನ ಕಡೆಯವರು ಬಂದಿದ್ದರು. ಎಲ್ಲರೂ ನೌಕರಿ, ಜಾತಕ ವಿಚಾರಿಸುತ್ತಿದ್ದರೆ ಚಿಕ್ಕಮ್ಮ ಹುಡುಗನನ್ನು ಕಿಟಕಿಯ ಬಳಿ ಕರೆದು, “ಸ್ವಲ್ಪ ಮೇಲೆ ನೋಡಪ್ಪ” ಎಂದು ರೆಪ್ಪೆ ಎಳೆದೇಬಿಟ್ಟರು.

“ಬೆಳ್ಳಗೈತೆ. ಹುಡುಗೀನ ಕೊಡಬಹುದು!”

ಕೊಟ್ಟರು. ಕಣ್ಣು ಈಗಲೂ ಬೆಳ್ಳಗೇ ಇದೆ. ಉಳಿದ ವಿಷಯ ನಾನೇ ವಿಚಾರಿಸಿಕೊಳ್ಳಬೇಕಿತ್ತು!

ಇನ್ನೊಮ್ಮೆ ಹೊಸದುರ್ಗದಿಂದ ಮತ್ತೋಡಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಇದ್ದಕ್ಕಿದ್ದಂತೆ ಚಿಕ್ಕಮ್ಮ, “ನಿಲ್ಸ್ರಿ! ನಿಲ್ಸ್ರಿ!” ಎಂದು ಕೂಗಿದರು. ಕಂಡಕ್ಟರ್ ಗಾಬರಿಯಿಂದ ಓಡಿ ಬಂದ.

“ಯಾಕವ್ವ, ಏನಾತು?”

“ಬದುವಿನ ಮೇಲೆ ನೆಲನೆಲ್ಲಿ ಐತಪ್ಪ. ಎರಡೇ ನಿಮಿಷ!”

ಓಡುವ ಬಸ್ಸಿನಿಂದ ಆ ಗೇಣುದ್ದದ ಗಿಡ ಕಂಡಿದ್ದಾದರೂ ಹೇಗೆ? ಬೈಯಲು ಇಳಿದ ಡ್ರೈವರ್ ಸ್ವಲ್ಪ ಹೊತ್ತಿಗೆ ತಾನೇ ಹೊಲದಲ್ಲಿ ಬಗ್ಗಿ, “ಮೇಡಂ, ಇದಾ ನೋಡ್ರಿ?” ಎನ್ನುತ್ತಿದ್ದ!

ಆ ನೆಲನೆಲ್ಲಿಯ ಕಷಾಯ ಕುಡಿಸಿ, ಆಮೇಲೆ ಲಿವರ್ ಕೆಡಿಸುವ ಮದ್ದು ಕೊಟ್ಟರೂ ಇಲಿಗಳ ಲಿವರ್ ಅಷ್ಟಾಗಿ ಕೆಡಲಿಲ್ಲ. ಅಂದು ಚಿಕ್ಕಮ್ಮ ಬೀದಿಗೆಲ್ಲ ಹೋಳಿಗೆ ಹಂಚಿದರು. “ಯಾರು ಪಾಸಾದ್ರವ್ವ?” ಎಂದು ಪಕ್ಕದ ಮನೆಯಾಕೆ ಕೇಳಿದರೆ, “ನಮ್ಮ ಇಲಿಗಳು!”

ಚಿಕ್ಕಪ್ಪ ಒಂದು ತೊಟ್ಟು ಹೆಂಡ ಮುಟ್ಟಿದವರಲ್ಲ. ಆದರೂ ಯಾವುದೋ ಹಳೆಯ ಸೋಂಕು ಸದ್ದಿಲ್ಲದೆ ಅವರ ಲಿವರನ್ನು ತಿಂದುಹಾಕಿತ್ತು. ಕಣ್ಣು ಹಳದಿಯಾಗುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಯವರು ಮನೆಗೆ ಕಳಿಸಿದರು. “ನಿನ್ನ ಕಷಾಯ ಕೊಡವ್ವ” ಎಂದು ನಂಟರು ಚಿಕ್ಕಮ್ಮನಿಗೆ ಗಂಟುಬಿದ್ದರು.

“ಕೆಡದಂಗೆ ಕಾಯ್ತೈತೆ ಅಂತ ನೋಡಿದ್ದೀನಿ, ಅದೂ ಇಲಿಗಳಲ್ಲಿ. ಕೆಟ್ಟಿದ್ದನ್ನ ಸರಿ ಮಾಡ್ತೈತೆ ಅಂತ ಅವ್ರಿಗೆ ಸುಳ್ಳು ಹೇಳ್ಲಾ?” ಎಂದರು ಚಿಕ್ಕಮ್ಮ.

ಕೊನೆಗೆ ಚಿಕ್ಕಪ್ಪನೇ ಕೇಳಿದರಂತೆ: “ಉಳಿಯಾಕಲ್ಲ, ಕೊಡೇ. ಇಷ್ಟು ವರ್ಷ ನೀನು ಏನು ಮಾಡ್ತಿದ್ದೆ ಅಂತ ರುಚಿ ನೋಡ್ತೀನಿ.”

ಚಿಕ್ಕಮ್ಮ ಡಾಕ್ಟರನ್ನು ಕೇಳಿ ಒಂದು ಚಮಚ ಬಾಯಿಗೆ ಬಿಟ್ಟರು. ಚಿಕ್ಕಪ್ಪ ಮುಖ ಕಿವುಚಿ, “ಥೂ! ಪಾಪ ಕಣೇ ನಿನ್ನ ಇಲಿಗಳು!” ಎಂದರಂತೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ.

ಚಿಕ್ಕಪ್ಪ ಹೋಗಿ ಎರಡು ವರ್ಷವಾಯಿತು. ಮೊನ್ನೆ ಕಾಲೇಜಿನಿಂದ ಬಂದ ಚಿಕ್ಕಮ್ಮ ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಬಳಿ ಕುಳಿತು ನನಗೆ ಆ ಒಂದು ಚಮಚ ಕಷಾಯದ ವಿಷಯ ಹೇಳಿದರು. ನಾನೂ ಅವರ ಪಕ್ಕದಲ್ಲಿ ಕುಳಿತೆ.

“ಇನ್ನೊಂದ್ಸಲ ಅವ್ರು ಹಂಗೆ ಮುಖ ಕಿವುಚೋದನ್ನ ನೋಡ್ಬೇಕು ಅನ್ಸತೈತೆ ಕಣೇ” ಎಂದರು.