ಒಂದು ಹನಿ ನೀರೂ ಇರಕೂಡದು

ಎಲ್ಲಕ್ಕೂ ಕಾರಣ ಆ ಹಿತ್ತಾಳೆಯ ನಲ್ಲಿ. ಅದನ್ನು ಕಿತ್ತು ಗುಜರಿಗೆ ಹಾಕಿದ್ದರೆ ಭಾರ್ಗವನಿಗೆ ಈ ಅವಸ್ಥೆ ಬರುತ್ತಿರಲಿಲ್ಲ. ಆದರೆ ಅವನಿಗೆ ಅದರ ಮೇಲೆ ಎಲ್ಲಿಲ್ಲದ ಮೋಹ.

ಜಯನಗರದ ಅವನ ಮನೆಯ ಅಟ್ಟದಲ್ಲಿ ಅಪ್ಪನ ಕಾಲದ ತಾಮ್ರದ ಬಾಯ್ಲರೊಂದು ಬಿದ್ದಿತ್ತು. ಗೀಸರ್ ಬಂದ ಮೇಲೆ ಅದನ್ನು ಕೇಳುವವರೇ ಇರಲಿಲ್ಲ. ಐದು ತಿಂಗಳ ಹಿಂದೆ ಭಾರ್ಗವ ಅದನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಹೊಟ್ಟೆಯ ಭಾಗವನ್ನು ಕತ್ತರಿಸಿ ಗಾಜು ಕೂರಿಸಿ, ಒಳಗೊಂದು ಕಂಪ್ಯೂಟರ್ ಕಟ್ಟತೊಡಗಿದ. ಅಂತಿಂಥ ಕಂಪ್ಯೂಟರಲ್ಲ, ನೀರಿನಿಂದ ತಣ್ಣಗಾಗುವಂಥದ್ದು. ಪುಟ್ಟದೊಂದು ಪಂಪು ಹಸಿರು ಬಣ್ಣದ ವಿಶೇಷ ನೀರನ್ನು ಗಾಜಿನ ಕೊಳವೆಗಳಲ್ಲಿ ಓಡಿಸುತ್ತಿತ್ತು. ಆ ನೀರು ಒಳಗಿನ ಶಾಖ ಹೀರಿಕೊಂಡು, ಹಿಂಬದಿಯ ರೇಡಿಯೇಟರಿನಲ್ಲಿ ಆರಿ, ಮತ್ತೆ ಸುತ್ತು ಹೊಡೆಯುತ್ತಿತ್ತು. ವರ್ಷಕ್ಕೊಮ್ಮೆ ನೀರು ಬದಲಿಸುವಾಗ ಹಳೆಯದನ್ನು ಹೊರಬಿಡಲು ಬಾಯ್ಲರಿನದೇ ಹಿತ್ತಾಳೆ ನಲ್ಲಿಯನ್ನು ಕೊಳವೆಗೆ ಜೋಡಿಸಿದ್ದ. ಇಂಥ ಉಪಾಯ ಇಡೀ ಬೆಂಗಳೂರಿನಲ್ಲಿ ಯಾರಿಗೂ ಹೊಳೆದಿರಲಾರದು ಎಂದು ಅವನ ನಂಬಿಕೆ.

ಅಂದು ಸಂಜೆ ಐದಕ್ಕೆ ಬಿಟಿಎಂ ಲೇಔಟಿನಲ್ಲಿ, ಕೈಯಾರೆ ಕಟ್ಟಿದ ಕಂಪ್ಯೂಟರುಗಳ ಸ್ಪರ್ಧೆಯಿತ್ತು. ಹೋದ ವರ್ಷ ಅಲ್ಲಿ ಭಾರ್ಗವನ ಕಂಪ್ಯೂಟರ್ ಎಲ್ಲರೆದುರು ಸೋರಿ ತೀರ್ಪುಗಾರರೊಬ್ಬರ ಷೂ ಒದ್ದೆ ಮಾಡಿತ್ತು. ಅಂದಿನಿಂದ ಆಫೀಸಿನ ಪ್ರಮೋದ್ ಅವನನ್ನು ಕರೆಯುವುದೇ ‘ಪ್ಲಂಬರ್’ ಎಂದು. ಪ್ರಮೋದನೋ ಒಂದು ತಿರುಪು ತಿರುಗಿಸಲೂ ಬಾರದ ಮನುಷ್ಯ! ಈ ಸಲ ಅವನ ಬಾಯಿ ಮುಚ್ಚಿಸಲೇಬೇಕಿತ್ತು. ಹಿಂದಿನ ದಿನದಿಂದ ಭಾರ್ಗವ ಬಾಯ್ಲರನ್ನು ಒಂದೇ ಸಮನೆ ಓಡಿಸಿ ಪರೀಕ್ಷಿಸುತ್ತಿದ್ದ. ಎಲ್ಲಿಯೂ ಒಂದು ತೊಟ್ಟು ಸೋರಿರಲಿಲ್ಲ.

ಗ್ರಹಚಾರಕ್ಕೆ ಅಂದೇ ನೀರು ತುಂಬುವ ಹಬ್ಬ. ನರಕ ಚತುರ್ದಶಿಯ ಹಿಂದಿನ ದಿನ ಬಚ್ಚಲಿನ ಹಂಡೆಯನ್ನೋ ಬಾಯ್ಲರನ್ನೋ ತೊಳೆದು, ಕುತ್ತಿಗೆಗೆ ಹಾಗಲಬಳ್ಳಿ ಕಟ್ಟಿ, ಮರುದಿನದ ಎಣ್ಣೆಸ್ನಾನಕ್ಕೆ ನೀರು ತುಂಬಿ ಪೂಜೆ ಮಾಡಬೇಕು. ಗೀಸರಿಗೆ ಬಳ್ಳಿ ಕಟ್ಟಲು ಕುತ್ತಿಗೆಯೇ ಇಲ್ಲವೆಂದು ಹದಿನೈದು ವರ್ಷ ಕೊರಗಿದ್ದ ಅವನ ತಾಯಿ ವಾರಿಜಮ್ಮ, ಬೆಳಿಗ್ಗೆಯೇ ಬಳ್ಳಿಯನ್ನೂ ಕೊಡವನ್ನೂ ಹಿಡಿದು ಬಾಯ್ಲರಿದ್ದ ಹಾಲಿಗೆ ಬಂದರು. ಭಾರ್ಗವ ಅಡ್ಡ ನಿಂತ.

“ಒಳಗೇನಾದ್ರೂ ಇಟ್ಕೋ, ಅದು ನಿಮ್ಮಪ್ಪನ ಬಾಯ್ಲರ್ ತಾನೇ? ಶಾಸ್ತ್ರಕ್ಕೆ ಒಂದು ಚೊಂಬು ಹಾಕಿದ್ರೆ ನಿಂಗೇನೋ ಕಷ್ಟ?”

ಅರ್ಧ ಗಂಟೆಯ ವಾಗ್ವಾದದ ಬಳಿಕ ರಾಜಿಯಾಯಿತು. ಹೊರಗೆ ಅರಿಶಿನ, ಕುಂಕುಮ, ಬಳ್ಳಿ ಏನು ಬೇಕಾದರೂ ಆಗಬಹುದು. ಒಳಗೆ ನೀರು ಮಾತ್ರ ಬೀಳಕೂಡದು.

ಬಳ್ಳಿ ಕಟ್ಟಿ ಮುಗಿಯುವಷ್ಟರಲ್ಲಿ ಮಹಡಿ ಮನೆಯ ಇಂದ್ರಾಣಿ ಎರಡು ಬಕೆಟ್ ಸಮೇತ ಹಾಜರಾದರು. ಅವರ ಗೀಸರ್ ಕೆಟ್ಟಿತ್ತಂತೆ. ನಾಳೆ ಬೆಳಿಗ್ಗೆ ಇದರಲ್ಲೇ ನೀರು ಕಾಯಿಸಿಕೊಡಬೇಕಂತೆ. ಇದು ಬಚ್ಚಲಿಗೆ ಸಂಬಂಧಪಟ್ಟದ್ದಲ್ಲ ಎಂದು ಭಾರ್ಗವ ಹತ್ತು ನಿಮಿಷ ಬಿಡಿಸಿ ಹೇಳಿದ. ಆಕೆ ಗಮನವಿಟ್ಟು ಕೇಳಿ, “ಸೌದೆ ಬೇಕಾದ್ರೆ ನಾವೇ ತರ್ತೀವಿ,” ಎಂದರು.

ಅವರ ಹಿಂದೆಯೇ ಪಕ್ಕದ ಮನೆಯ ವೆಂಕಟಾಚಲ ಬಂದರು. ನೀರು ಸರಬರಾಜಿನ ಕೆಲಸದಲ್ಲಿ ಮೂವತ್ತು ವರ್ಷ ವಾಲ್ವ್ ತಿರುಗಿಸಿ ನಿವೃತ್ತರಾದವರು. ನಲ್ಲಿ ಕಂಡರೆ ಅವರ ಕೈ ಸುಮ್ಮನಿರದು. ಬಾಯ್ಲರನ್ನು ಒಂದು ಸುತ್ತು ಹಾಕಿ, ಇದಕ್ಕೆ ಹಾಕುವುದು ಕಾವೇರಿ ನೀರೋ, ಬೋರಿನ ನೀರೋ ಎಂದು ವಿಚಾರಿಸಿದರು.

ಭಾರ್ಗವನ ತಾಳ್ಮೆಯ ಕಟ್ಟೆಯೊಡೆಯಿತು. ಯಾವ ನೀರೂ ಬೇಡ, ನೀರಿನ ಹೆಸರೇ ಎತ್ತಬೇಡಿ ಎಂದು ಕೂಗಾಡಿ, ಒಂದು ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದು ಬಾಯ್ಲರಿಗೆ ಅಂಟಿಸಿದ: ‘ಇದು ಕಂಪ್ಯೂಟರ್. ಇದರೊಳಗೆ ಒಂದು ಹನಿ ನೀರೂ ಇರಕೂಡದು.’ ಕೆಳಗೆ ರುಜು ಬೇರೆ ಹಾಕಿದ. ಆಮೇಲೆ, ಹಿರಿಯರ ಮೇಲೆ ಕೂಗಾಡಿದ್ದಕ್ಕೆ ನಾಚಿಕೆಯಾಗಿ, ತಾನು ಗೂಡ್ಸ್ ಆಟೋ ತರುವ ತನಕ, ಓಡುತ್ತಲೇ ಇದ್ದ ಬಾಯ್ಲರಿಗೆ ಕಾವಲಿರಬೇಕೆಂದು ವೆಂಕಟಾಚಲರನ್ನೇ ಬೇಡಿಕೊಂಡ.

“ಈ ಹೆಂಗಸರನ್ನ ನಂಬಕ್ಕಾಗಲ್ಲ ಸಾರ್. ಚೀಟೀಲಿ ಬರ್ದಿರೋ ಹಾಗೇ ನಡೀಬೇಕು, ನೋಡ್ಕೊಳ್ಳಿ.”

“ನೀವು ನಿಶ್ಚಿಂತೆಯಾಗಿ ಹೋಗ್ಬನ್ನಿ,” ಎಂದು ಅವರು ಕುರ್ಚಿ ಎಳೆದುಕೊಂಡರು.

ಹಬ್ಬದ ದಿನ ಜಯನಗರದಲ್ಲಿ ಗೂಡ್ಸ್ ಆಟೋ ಸಿಗುವುದೆಂದರೇನು! ಒಂದೊಂದು ಗಾಡಿಯ ಮೇಲೂ ಚೆಂಡುಹೂವಿನ ಮೂಟೆ. ನಾಲ್ಕನೇ ಬ್ಲಾಕೆಲ್ಲ ಅಲೆದು, ಮೂರು ಗಂಟೆ ಸುತ್ತಿದ ಮೇಲೆ ಹನಮಂತನೆಂಬ ಡ್ರೈವರನ್ನು ಒಪ್ಪಿಸಿ ಭಾರ್ಗವ ಮನೆಗೆ ಬಂದಾಗ ಮೂರೂವರೆ.

ಬಾಯ್ಲರಿನ ದೀಪಗಳು ಆರಿದ್ದವು. ಸುಟ್ಟ ವಾಸನೆ ಬರುತ್ತಿತ್ತು. ಮೊದಲು ಅವನು ನೋಡಿದ್ದು ಇಂದ್ರಾಣಿಯ ಬಕೆಟ್‌ಗಳನ್ನು. ನೀರು ಸುರಿದೇಬಿಟ್ಟರು ಎಂದುಕೊಂಡ. ಓಡಿಹೋಗಿ ಗಾಜಿನ ಮೂಲಕ ಇಣುಕಿದ. ಒಳಗೆ ನೀರು ಬಿದ್ದ ಗುರುತೇ ಇರಲಿಲ್ಲ. ಕೊಳವೆಗಳೂ ಒಣಗಿ ನಿಂತಿದ್ದವು.

ವೆಂಕಟಾಚಲ ಹಣೆಯ ಬೆವರೊರೆಸಿಕೊಂಡರು. “ನಾನಿದ್ದಿದ್ದಕ್ಕೆ ಆಯ್ತು ಭಾರ್ಗವ. ನಿಮ್ಮ ಚೀಟಿ ಓದಿ ಬಗ್ಗಿ ನೋಡ್ತೀನಿ, ಪೈಪ್ ತುಂಬ ನೀರು! ತಾಮ್ರದ ಕಿಲುಬು ಬಿಟ್ಕೊಂಡು ಹಸ್ರಾಗ್ಹೋಗಿತ್ತು. ಪುಣ್ಯಕ್ಕೆ ನಲ್ಲಿ ಇತ್ತು. ಮೇಲಿನ ಬಿರಡೆ ತೆಗೆದು ಊದಿ ಊದಿ, ಪೂರ್ತಿ ಖಾಲಿ ಮಾಡಿದೀನಿ.”

ಆ ನೀರನ್ನು ಇಂದ್ರಾಣಿ ಮೋರಿಗೆ ಚೆಲ್ಲಿ ಬಕೆಟ್ ತೊಳೆದೂ ಆಗಿತ್ತು. ನೀರಿಲ್ಲದೆ ಓಡಿ ಓಡಿ ಪಂಪು ಸುಟ್ಟುಹೋಗಿತ್ತು. ಆ ಪಂಪು ತರಿಸಲು ಮೂರು ವಾರ ಹಿಡಿದಿತ್ತು. ಸ್ಪರ್ಧೆಗೆ ಉಳಿದಿದ್ದು ಒಂದೂವರೆ ಗಂಟೆ.

ಭಾರ್ಗವನಿಗೆ ಪಿತ್ತ ನೆತ್ತಿಗೇರಿತು. ಐದು ತಿಂಗಳ ದುಡಿಮೆ! ಅಪ್ಪಟ ಅನ್ಯಾಯ! ಇವತ್ತು ಹಿರಿಯರು ಗಿರಿಯರು ಎಂದು ನೋಡುವುದಿಲ್ಲ ಎಂದುಕೊಂಡು ಬಾಯಿ ತೆರೆದವನಿಗೆ, ಅವರ ಹೆಗಲ ಪಕ್ಕದಲ್ಲಿ ಕೆಂಪು ಅಕ್ಷರಗಳು ಕಂಡವು. ತನ್ನದೇ ಕೈಬರಹ, ಕೆಳಗೆ ತನ್ನದೇ ರುಜು.

ಜೇಬಿನಲ್ಲಿ ಫೋನು ಸದ್ದು ಮಾಡಿತು. ‘ಹೊರಟ್ಯಾ ಪ್ಲಂಬರ್?’ ಎಂದು ಪ್ರಮೋದ್ ಕಳಿಸಿದ್ದ.

ಹನಮಂತ ಒಳಬಂದು ಬಾಯ್ಲರನ್ನು ಅಲುಗಾಡಿಸಿ ನೋಡಿದ. “ನೀರು ಖಾಲಿ ಮಾಡಿದ್ದು ಒಳ್ಳೇದಾಯ್ತು ಸಾರ್, ಎತ್ತಕ್ಕೆ ಹಗುರ.” ಇಂದ್ರಾಣಿ ಖಾಲಿ ಬಕೆಟ್‌ಗಳನ್ನು ಮೆಲ್ಲಗೆ ಬಾಯ್ಲರಿನ ಹತ್ತಿರಕ್ಕೆ ಸರಿಸಿದರು.

ವಾರಿಜಮ್ಮ ಕಾಫಿ ಲೋಟವನ್ನು ವೆಂಕಟಾಚಲರ ಕೈಗಿತ್ತು ಮಗನತ್ತ ತಿರುಗಿದರು. “ನಿಂಗೋಸ್ಕರ ಒಂದು ಗಂಟೆ ಬಗ್ಗಿ ಊದಿ ಅವರ ಸೊಂಟ ಹಿಡ್ಕೊಂಡಿದೆ. ಗರ ಬಡ್ದೋನ್ ಥರ ನಿಂತಿದೀಯಲ್ಲ, ಒಂದು ಥ್ಯಾಂಕ್ಸ್ ಹೇಳ್ಬಾರ್ದೇನೋ?”

ಭಾರ್ಗವ ಥ್ಯಾಂಕ್ಸ್ ಹೇಳಿದ.