ಇಪ್ಪತ್ತನೆಯ ಡಬ್ಬಿ

ಥೋರಾ ಸಿಗರ್ಡ್‌ಸನ್‌ಗೆ ಬೆರಳು ಮಡಚುವ ಅಭ್ಯಾಸವಿತ್ತು. ಪತ್ರ ಮುದ್ರಿಸುವ ಪ್ರೋಗ್ರಾಮಿನಲ್ಲಿ ಒಂದು ಆವರಣ, ಅಂದರೆ ಬ್ರಾಕೆಟ್ ಚಿಹ್ನೆ, ತೆರೆದರೆ ಒಂದು ಬೆರಳು ಮಡಚುವಳು, ಮುಚ್ಚಿದರೆ ಬಿಡಿಸುವಳು. ಜನರ ಅರ್ಜಿಗಳಿಗೆ ಉತ್ತರ ಕಳಿಸುವ, ಕೆನಡಾದ ವಿನಿಪೆಗ್‌ನ ನಾಗರಿಕ ಪತ್ರ ಕಚೇರಿಗೆ ಸೇರಿದ ಹೊಸದರಲ್ಲಿ ಒಂದು ಕೈ ಸಾಕಾಗುತ್ತಿತ್ತು. ಈಗ ಎರಡೂ ಕೈಗಳ ಬೆರಳು ಸಾಲದೆ, ಬೂಟಿನೊಳಗಿನ ಕಾಲ್ಬೆರಳುಗಳೂ ಸರಕಾರಿ ಸೇವೆಗೆ ಸೇರಿದ್ದವು.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಕಚೇರಿಯ ನಿಯಮವೇ ಹಾಗಿತ್ತು: ಯಾವ ವಾಕ್ಯವೂ ಬರಿಮೈಯಲ್ಲಿ ಹೊರಗೆ ಹೋಗತಕ್ಕದ್ದಲ್ಲ. ವಾಕ್ಯವನ್ನು ಕಂಡಿಕೆಯ ಡಬ್ಬಿಯಲ್ಲಿ, ಕಂಡಿಕೆಯನ್ನು ವಿಷಯದ ಡಬ್ಬಿಯಲ್ಲಿ, ಅದನ್ನು ಪತ್ರದ ಡಬ್ಬಿಯಲ್ಲಿ ಇಡತಕ್ಕದ್ದು. ಪ್ರತಿ ಡಬ್ಬಿಗೂ ಕಾಗದದ ಮೇಲೆ ಒಂದು ಆವರಣ. ಒಳಗಿನದು ಹೊರಗಿನದಕ್ಕಿಂತ ನಾಲ್ಕು ಅಕ್ಷರ ಬಲಕ್ಕೆ ಸರಿದು ನಿಲ್ಲತಕ್ಕದ್ದು. ಆಮೇಲೆ ಕಾನೂನು ವಿಭಾಗ ತನಗೂ ಒಂದು ಡಬ್ಬಿ ಬೇಕೆಂದಿತು. ಕಾನೂನಿಗೆ ಕೊಟ್ಟ ಮೇಲೆ ಗೋಪ್ಯತಾ ವಿಭಾಗಕ್ಕೆ ಇಲ್ಲವೆನ್ನಲಾಗಲಿಲ್ಲ. ಡಬ್ಬಿಯಿಲ್ಲದ ಅಧಿಕಾರಿ ಊಟದ ಕೋಣೆಯಲ್ಲಿ ಒಬ್ಬನೇ ಕೂತು ಪೆರೋಗಿ ಕಡುಬು ತಿನ್ನಬೇಕಾಗುತ್ತಿತ್ತು. ಕಳೆದ ತಿಂಗಳು ಸರಳೀಕರಣ ವಿಭಾಗ ಸ್ಥಾಪನೆಯಾಗಿ, ಇಪ್ಪತ್ತನೆಯ ಡಬ್ಬಿಯನ್ನು ಪಡೆಯಿತು.

ಕಾಗದದ ಒಂದು ಸಾಲಿಗೆ ಹಿಡಿಯುವುದು ಎಂಬತ್ತು ಅಕ್ಷರ.

"ಸರ್, ಲೆಕ್ಕ ಹಾಕಿ ನೋಡಿ. ಇಪ್ಪತ್ತು ಡಬ್ಬಿಗೆ ನಾಲ್ಕರಂತೆ ಎಂಬತ್ತು. ವಾಕ್ಯ ಕಾಗದದಿಂದ ಆಚೆ ಬೀಳುತ್ತೆ," ಎಂದು ಥೋರಾ ಮೇಲಧಿಕಾರಿ ಗಾರ್ನೆಟ್ ಪೆನ್ನರ್‌ಗೆ ಹೇಳಿದಳು.

"ಆವರಣಗಳೆಲ್ಲ ಸರಿಯಾಗಿ ಮುಚ್ಕೊಂಡಿವೆಯಾ?"

"ಮುಚ್ಕೊಂಡಿವೆ."

"ಮತ್ತೇನು? ರಚನೆ ನಮ್ಮ ಜವಾಬ್ದಾರಿ. ಒಳಗಿರೋದು ಅರ್ಜಿದಾರರ ಖಾಸಗಿ ವಿಷಯ ಕಣಮ್ಮ."

ಆ ವಾರ ಗೋಪ್ಯತಾ ವಿಭಾಗವು, ಒಂದು ಪತ್ರದಿಂದಲೂ ಒಂದು ಮಾತೂ ಸೋರಿಲ್ಲವೆಂದು ಕಚೇರಿಗೆ ಪ್ರಶಂಸಾಪತ್ರ ಕಳಿಸಿತು. ಅದರಲ್ಲೂ ಬರೀ ಆವರಣಗಳಿದ್ದವು. ಪೆನ್ನರ್ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ.

ಗುರುವಾರ ಥೋರಾಗೆ ಕೌಂಟರ್ ಸರದಿ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಒರೆಸ್ಟ್ ಕೊಜಾಕ್ ಎಂಬ ಮುದುಕ ಟೋಪಿಯ ಹಿಮ ಕೊಡವುತ್ತ ಬಂದು ತನ್ನ ಪತ್ರವನ್ನು ಹರವಿದ. ಇಪ್ಪತ್ತು ಆವರಣಗಳು ಎಡದಿಂದ ಬಲಕ್ಕೆ ಒಂದೊಂದಾಗಿ ಇಳಿದು, ಮತ್ತೆ ಹಾಗೇ ಎಡಕ್ಕೆ ಮರಳಿದ್ದವು.

"ನನ್ನ ಹೆಂಡತಿ ಗಾಲಿಕುರ್ಚೀಲಿದಾಳೆ. ಮೂರು ಮೆಟ್ಲು ಇಳಿಯೋಕಾಗದೆ ಅಕ್ಟೋಬರ್‌ನಿಂದ ಹೊರಗೇ ಬಂದಿಲ್ಲ. ಬಾಗಿಲಿಗೊಂದು ಇಳಿಜಾರು ಕಟ್ಸಿಕೊಡಿ ಅಂದೆ. ನೀವು ಇಪ್ಪತ್ತು ಮೆಟ್ಲು ಕಳ್ಸಿದೀರಿ."

ಹಿಂದೆ ನಿಂತಿದ್ದ ಹೆಂಗಸು ಬಗ್ಗಿ ನೋಡಿ, "ಇಪ್ಪತ್ತಾ? ಪುಣ್ಯವಂತರು. ಹೋದ ವರ್ಷ ನನಗೆ ಬರೀ ಹದಿನೆಂಟು. ಕೊನೇಲಿ ಅಕ್ಷರ ಕೂಡ ಕಾಣ್ತಿತ್ತು," ಎಂದಳು.

ಥೋರಾಳ ಪರದೆಯ ಮೇಲೆ ವಾಕ್ಯ ಸ್ಪಷ್ಟವಾಗಿತ್ತು: ಮಂಜೂರಾಗಿದೆ, ಇಂದು ಸಂಜೆ ನಾಲ್ಕರೊಳಗೆ ಕೌಂಟರಿನಲ್ಲಿ ಸಹಿ ಮಾಡದಿದ್ದರೆ ರದ್ದು. ಅವಳು ಬಾಯಿ ತೆರೆದಳು.

"ಬಾಯಲ್ಲಿ ಹೇಳೋದೂ ಹೊರಗೆ ಹೋಗೋ ವಾಕ್ಯನೇ," ಎಂದ ಪೆನ್ನರ್, ಹಿಂದಿನಿಂದ. "ಡಬ್ಬಿಗೆ ಹಾಕು."

ಥೋರಾ ಮೊದಲ ಆವರಣ ತೆರೆದು ಹೆಬ್ಬೆರಳು ಮಡಚಿದಳು. ಪ್ರತಿ ಡಬ್ಬಿಗೂ ಆಯಾ ವಿಭಾಗದ ಒಪ್ಪಿಗೆ ಬರುವವರೆಗೆ ಕಾಯಬೇಕಿತ್ತು. ಸಾಲಿನಲ್ಲಿದ್ದವರು ಸಹನೆಯಿಂದ ಅವಳೊಂದಿಗೆ ಎಣಿಸತೊಡಗಿದರು. ಹತ್ತಕ್ಕೆ ಕೈಬೆರಳು ಮುಗಿದು, ಬೂಟಿನೊಳಗೆ ಹನ್ನೊಂದನೆಯದು ಮಡಚಿಕೊಂಡಾಗ ಗಡಿಯಾರದಲ್ಲಿ ಎರಡು ನಿಮಿಷ ಉಳಿದಿತ್ತು. ಮುದುಕ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಹೌದೋ, ಇಲ್ವೋ," ಎಂದ ಮೆಲ್ಲಗೆ. "ತಲೆ ಆಡ್ಸಿದ್ರೂ ಸಾಕು ತಾಯಿ."